ಎಂಬತ್ತು ಮಕ್ಕಳ ತಂದೆ

ಬರವಣಿಗೆ ದುಂಡಾಗಿಲ್ಲ, ಲೆಕ್ಕದಲ್ಲಿ ಚುರುಕಿಲ್ಲ, ಉಡುಪಿನಲ್ಲಿ ಅಚ್ಚುಕಟ್ಟಿಲ್ಲ. ಇಂತಹ ಮನುಷ್ಯನೊಬ್ಬನು, ಕೈಹಾಕಿದ ಕೆಲಸಗಳಲ್ಲೆಲ್ಲ ಸೋತು, ಐವತ್ತು ದಾಟಿದ ಮೇಲೆ ಮಕ್ಕಳಿಗೆ ಪಾಠ ಹೇಳಿಕೊಡುತ್ತೇನೆಂದು ಮುಂದೆ ಬಂದರೆ ಯಾವ ಶಾಲೆಯವರಾದರೂ ಅವನನ್ನು ಒಳಗೆ ಬಿಟ್ಟುಕೊಳ್ಳಲು ಹಿಂದೆಮುಂದೆ ನೋಡಿಯಾರು. ಯೋಹಾನ್ ಹೈನ್‌ರಿಖ್ ಪೆಸ್ಟಲಾಜಿಯು ಅಂತಹ ಮನುಷ್ಯನಾಗಿದ್ದನು. ಆದರೂ ಪ್ರಾಥಮಿಕ ಶಾಲೆಯ ಕೋಣೆಯೊಂದರಲ್ಲಿ ಮಗುವೊಂದು ಹುಣಸೆಬೀಜಗಳನ್ನು ಜೋಡಿಸಿ ಕೂಡುವ ಲೆಕ್ಕ ಕಲಿಯುತ್ತಿದ್ದರೆ, ಎಲೆಯನ್ನು ಕೈಯಲ್ಲಿ ಹಿಡಿದು ನೋಡಿದ ಬಳಿಕ ಅದರ ಚಿತ್ರ ಬರೆಯುತ್ತಿದ್ದರೆ, ಅಲ್ಲಿ ಆತನ ಪ್ರಯತ್ನದ ಒಂದಂಶ ಇಂದಿಗೂ ಉಳಿದಿದೆ ಎನ್ನಬಹುದು.

ಪೆಸ್ಟಲಾಜಿಯು 1746ನೆಯ ಇಸವಿ ಜನವರಿ 12ರಂದು ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ನಗರದಲ್ಲಿ ಹುಟ್ಟಿದನು. ತಂದೆ ವೈದ್ಯನಾಗಿದ್ದನು, ಮಗನಿಗೆ ಐದು ವರ್ಷವಾಗಿದ್ದಾಗಲೇ ತೀರಿಕೊಂಡನು. ಸಾಯುವ ಮುನ್ನ ಆತನು ಮನೆಗೆಲಸದ ಬಾಬೆಲಿ ಎಂಬ ಹುಡುಗಿಯನ್ನು ಹಾಸಿಗೆಯ ಬಳಿಗೆ ಕರೆದು, ತನ್ನ ಹೆಂಡತಿ ಮಕ್ಕಳನ್ನು ಕೈಬಿಡಬಾರದೆಂದು ಬೇಡಿಕೊಂಡನು. ಆಕೆ ಕೊಟ್ಟ ಮಾತನ್ನು ಕಡೆಯವರೆಗೂ ನಡೆಸಿದಳು. ಸಂತೆಯಲ್ಲಿ ವ್ಯಾಪಾರಿಗಳು ಗಂಟುಕಟ್ಟುವ ಹೊತ್ತಿಗೆ ಹೋಗಿ ಮಿಕ್ಕ ತರಕಾರಿಯನ್ನು ಅಗ್ಗದ ಬೆಲೆಗೆ ತರುವಳು. ಬಟ್ಟೆ ಜೋಡುಗಳು ಸವೆದಾವೆಂದು ಮಕ್ಕಳನ್ನು ಬೀದಿಗೆ ಬಿಡಳು. ಮನೆಯ ಮರ್ಯಾದೆಗೆ ಕುಂದು ಬರದಂತೆ ಬಡತನವನ್ನು ಒಳಗೊಳಗೇ ನುಂಗಿಕೊಂಡು ಸಂಸಾರ ತೂಗಿಸಿದ ಆ ಹೆಣ್ಣಿನ ಋಣವನ್ನು ಪೆಸ್ಟಲಾಜಿಯು ಮುಪ್ಪಿನಲ್ಲಿಯೂ ನೆನೆಯುತ್ತಿದ್ದನು.

ಹೀಗೆ ತಾಯಿ ಮತ್ತು ದಾದಿಯರ ಸೆರಗಿನಲ್ಲಿಯೇ ಬೆಳೆದ ಹುಡುಗನಿಗೆ ಓರಗೆಯವರ ಆಟಪಾಟಗಳು ತಿಳಿಯಲಿಲ್ಲ. ಶಾಲೆಯಲ್ಲಿ ಎಲ್ಲರೂ ಅವನನ್ನು ಪೆದ್ದನೆಂದು ಹಾಸ್ಯಮಾಡುವರು. ಆದರೆ ತಮಗೆ ಬೇಡವಾದ ಕೆಲಸಕ್ಕೆ ಅವನನ್ನೇ ಕಳುಹಿಸುವರು. ಒಮ್ಮೆ ಶಾಲೆ ನಡೆಯುತ್ತಿರುವಾಗ ಭೂಕಂಪವಾಯಿತು. ಉಪಾಧ್ಯಾಯರು ಹುಡುಗರನ್ನು ತುಳಿದುಕೊಂಡು ಮೆಟ್ಟಲಿಳಿದು ಓಡಿದರು. ಅದುರುವ ಕಟ್ಟಡದೊಳಕ್ಕೆ ಮರಳಿ ಹೋಗಿ ಎಲ್ಲರ ಪುಸ್ತಕ, ಟೋಪಿಗಳನ್ನು ಹೊತ್ತುತರಲು ಒಪ್ಪಿದವನು ಈ ಪೆದ್ದನೊಬ್ಬನೇ. ರಜೆಯ ದಿನಗಳಲ್ಲಿ ಅವನು ಹೋಂಗ್ ಎಂಬ ಹಳ್ಳಿಯಲ್ಲಿ ಪಾದ್ರಿಯಾಗಿದ್ದ ಅಜ್ಜನ ಮನೆಗೆ ಹೋಗುತ್ತಿದ್ದನು. ಅಜ್ಜನು ರೋಗಿಗಳ, ಬಡವರ ಮನೆಗಳಿಗೂ ಹಳ್ಳಿಯ ಶಾಲೆಗೂ ಹೋಗುವಾಗ ಮೊಮ್ಮಗನನ್ನು ಜೊತೆಗೆ ಕರೆದೊಯ್ಯುತ್ತಿದ್ದನು. ಬಡವರ ಮಕ್ಕಳು ಹೇಗೆ ಬಾಳುತ್ತಾರೆಂಬುದನ್ನು ಪೆಸ್ಟಲಾಜಿಯು ಕಂಡದ್ದು ಅಲ್ಲಿ.

ಕಾಲೇಜಿನ ದಿನಗಳಲ್ಲಿ ಅವನ ಮೇಲೆ ರೂಸೋವಿನ ಪ್ರಭಾವ ಗಾಢವಾಗಿ ಬಿದ್ದಿತು. ಪಾದ್ರಿಯಾಗಬೇಕೆಂಬ ಬಯಕೆಯೂ ಹೋಯಿತು, ವಕೀಲನಾಗಬೇಕೆಂಬ ಬಯಕೆಯೂ ಹೋಯಿತು. ರೈತನಾಗಿ ರೈತರ ನಡುವೆ ಬಾಳಬೇಕೆಂಬ ಹಂಬಲ ಹುಟ್ಟಿತು. 1769ರಲ್ಲಿ ಅವನು ತನಗಿಂತ ಎಂಟು ವರ್ಷ ಹಿರಿಯಳಾದ ಅನ್ನಾ ಶುಲ್ತೆಸ್ ಎಂಬಾಕೆಯನ್ನು ಮದುವೆಯಾದನು. ಆಕೆಯ ತಂದೆತಾಯಿಗಳಿಗೆ ಈ ಸಂಬಂಧ ಸ್ವಲ್ಪವೂ ಹಿಡಿಸಿರಲಿಲ್ಲ. ಬಿರ್ ಎಂಬ ಹಳ್ಳಿಯ ಬಳಿ ಬರಡು ನೆಲವನ್ನು ಕೊಂಡು, ಮನೆ ಕಟ್ಟಿಸಿ, ಅದಕ್ಕೆ ಹೊಸ ತೋಟದ ಮನೆ ಎಂಬರ್ಥದಲ್ಲಿ ನೊಯ್‌ಹೋಫ್ ಎಂದು ಹೆಸರಿಟ್ಟು, ಬಣ್ಣ ತೆಗೆಯುವ ಮಂಜಿಷ್ಠದ ಬೇಸಾಯಕ್ಕೆ ತೊಡಗಿದನು. ಬೆಳೆ ಕೈಗೆ ಹತ್ತಲಿಲ್ಲ. ಸಾಲಕೊಟ್ಟವರು ಹಿಂದೆಗೆದರು.

ಬೇಸಾಯ ಸೋತ ಮನುಷ್ಯನು ಮನೆಯ ಖರ್ಚನ್ನು ಕಡಿಮೆ ಮಾಡಬೇಕಷ್ಟೆ? ಪೆಸ್ಟಲಾಜಿಯು ಮಾಡಿದ್ದು ಬೇರೆ. 1774ರ ಸುಮಾರಿಗೆ ಬೀದಿಯಲ್ಲಿ ತಿರಿದು ತಿನ್ನುತ್ತಿದ್ದ ಮಕ್ಕಳನ್ನು ಕರೆತಂದು ಮನೆಯಲ್ಲಿ ಇಟ್ಟುಕೊಂಡನು. ಅವರು ಬೇಸಗೆಯಲ್ಲಿ ಹೊಲದಲ್ಲಿ ದುಡಿಯಬೇಕು, ಚಳಿಗಾಲದಲ್ಲಿ ನೂಲಬೇಕು, ನೇಯಬೇಕು. ಕೈ ಕೆಲಸ ಮಾಡುತ್ತಿರುವಾಗಲೇ ಬಾಯಿ ಪಾಠ ಒಪ್ಪಿಸಬೇಕು. ಅವರ ದುಡಿಮೆಯಿಂದಲೇ ಶಾಲೆ ನಡೆಯಬೇಕು ಎಂಬುದು ಅವನ ಯೋಜನೆ. ಮಕ್ಕಳ ಸಂಖ್ಯೆ ನಲವತ್ತರ ಹತ್ತಿರಕ್ಕೆ ಏರಿತು. ಆದರೆ ಹೆತ್ತವರು ಬಂದು, ಮಗುವಿಗೆ ಹೊಸ ಬಟ್ಟೆ ಬಂದೊಡನೆ ಕರೆದುಕೊಂಡು ಹೋಗುವರು. ನೇಯ್ದ ಬಟ್ಟೆಯನ್ನು ಲಾಭಕ್ಕೆ ಮಾರುವ ವಿದ್ಯೆ ಪೆಸ್ಟಲಾಜಿಗೆ ಬಾರದು. 1780ರಲ್ಲಿ ಶಾಲೆಯನ್ನು ಮುಚ್ಚಬೇಕಾಯಿತು. ಅಷ್ಟರಲ್ಲಿ ಅನ್ನಾಳ ತವರಿನ ಹಣವೆಲ್ಲ ಕರಗಿಹೋಗಿದ್ದಿತು. ಆಕೆ ಗಂಡನನ್ನು ಬಿಟ್ಟುಕೊಡಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು.

ಅದೇ ಮನೆಯಲ್ಲಿ ಇನ್ನೊಂದು ಪಾಠವೂ ನಡೆದಿದ್ದಿತು. 1770ರಲ್ಲಿ ಹುಟ್ಟಿದ ಒಬ್ಬನೇ ಮಗನಿಗೆ ರೂಸೋವಿನ ಹೆಸರನ್ನೇ ಇಟ್ಟು, ರೂಸೋ ಹೇಳಿದಂತೆಯೇ ಬೆಳೆಸಬೇಕೆಂದು ತಂದೆ ಹೊರಟನು. ಮೂರೂವರೆ ವರ್ಷದ ಮಗುವನ್ನು ಹೊಳೆಯ ಬದಿಗೆ ಕರೆದೊಯ್ದು ನೀರು ಇಳಿಜಾರಿಗೆ ಹರಿಯುವುದನ್ನು ತೋರಿಸಿದನು. ದಿನಚರಿಯಲ್ಲಿ ಅದನ್ನು ಬರೆದಿಟ್ಟನು. ಒಮ್ಮೊಮ್ಮೆ ಮಗುವಿಗೆ ಪೂರ್ಣ ಸ್ವಾತಂತ್ರ್ಯ, ಒಮ್ಮೊಮ್ಮೆ ಹಟಹಿಡಿದು ಪಾಠ. ಹುಡುಗನಿಗೆ ಹನ್ನೊಂದು ತುಂಬಿದರೂ ಓದು ಬರಹ ಹತ್ತಲಿಲ್ಲ. ಮೂರ್ಛೆರೋಗ ಅವನನ್ನು ಹಣ್ಣುಮಾಡಿ, 1801ರಲ್ಲಿ, ತಂದೆಗಿಂತ ಮುಂಚೆಯೇ ಅವನ ಆಯುಷ್ಯ ತೀರಿತು. ಲೋಕದ ಮಕ್ಕಳಿಗೆ ದಾರಿ ತೋರಿದವನಿಗೆ ತನ್ನ ಮಗುವಿನ ಕೈಹಿಡಿದು ನಡೆಸಲಾಗಲಿಲ್ಲ. ಪೆಸ್ಟಲಾಜಿಯ ಜೀವನವನ್ನು ಬರೆಯುವವರು ಈ ಪುಟವನ್ನು ಬೇಗನೆ ಮಗುಚುವುದುಂಟು; ಆದರೆ ಮುಂದೆ ಅವನು ಮಗುವಿನ ಶಕ್ತಿಯನ್ನು ಅಳೆಯದೆ ಪಾಠ ಹೇರಬಾರದೆಂದು ಅಷ್ಟು ಒತ್ತಿ ಹೇಳಿದುದರ ಹಿಂದೆ ಈ ನೋವು ಇದ್ದಿರಬೇಕು.

ಶಾಲೆ ಮುಚ್ಚಿದ ಮೇಲೆ ಹದಿನೆಂಟು ವರ್ಷಗಳ ಕಾಲ ಅವನ ಕೈಗೆ ಮಕ್ಕಳು ಸಿಗಲಿಲ್ಲ. ಬರೆಯುತ್ತ ಕುಳಿತನು. 1781ರಲ್ಲಿ ಬಂದ ಲೀನ್‌ಹಾರ್ಟ್ ಮತ್ತು ಗರ್ಟ್ರೂಡ್ ಎಂಬ ಕಾದಂಬರಿ ಅವನ ಹೆಸರನ್ನು ದೇಶದಾಚೆಗೂ ಒಯ್ದಿತು. ಕುಡುಕ ಗಂಡನನ್ನು ದಾರಿಗೆ ತಂದು, ಮಕ್ಕಳಿಗೆ ಮನೆಯಲ್ಲಿಯೇ ವಿದ್ಯೆ ಕಲಿಸುವ ಹಳ್ಳಿಯ ಹೆಣ್ಣೊಬ್ಬಳ ಕಥೆ ಅದು. ಹನ್ನೊಂದು ವರ್ಷಗಳ ಬಳಿಕ, 1792ರಲ್ಲಿ, ಕ್ರಾಂತಿಯ ಫ್ರಾನ್ಸ್ ಅವನಿಗೆ ಗೌರವ ಪೌರತ್ವವನ್ನು ಕೊಟ್ಟಿತು. ಕೀರ್ತಿ ಬಂದಿತು, ಮನೆಯಲ್ಲಿ ಬಡತನ ಹಾಗೆಯೇ ಇದ್ದಿತು.

ಅದೇ ಫ್ರಾನ್ಸಿನ ಸೈನ್ಯ 1798ರಲ್ಲಿ ಸ್ವಿಟ್ಜರ್‌ಲೆಂಡನ್ನು ಹೊಕ್ಕಿತು. ಹೊಸ ಸರ್ಕಾರವೊಂದು ಏರ್ಪಟ್ಟಿತು. ಅದನ್ನೊಪ್ಪದ ಬೆಟ್ಟದ ಸೀಮೆಯ ಜನರ ಮೇಲೆ ಸೆಪ್ಟೆಂಬರ್ 9ರಂದು ಫ್ರೆಂಚ್ ದಂಡು ಬಿದ್ದು, ಸ್ಟಾನ್ಸ್ ಎಂಬ ಊರನ್ನೂ ಸುತ್ತಣ ಹಳ್ಳಿಗಳನ್ನೂ ಸುಟ್ಟಿತು. ಗಂಡಸರು, ಹೆಂಗಸರು, ಮಕ್ಕಳೆನ್ನದೆ ನೂರಾರು ಮಂದಿ ಒಂದೇ ದಿನದಲ್ಲಿ ಮಡಿದರು. ಉಳಿದ ಅನಾಥ ಮಕ್ಕಳು ಬೂದಿಯ ನಡುವೆ ಅಲೆಯತೊಡಗಿದರು. ಸರ್ಕಾರ ಅವರಿಗಾಗಿ ಆಶ್ರಮವೊಂದನ್ನು ತೆರೆಯಲು ಗೊತ್ತುಮಾಡಿ, ಅದರ ಹೊಣೆಯನ್ನು ಪೆಸ್ಟಲಾಜಿಗೆ ವಹಿಸಿತು. ಆಗ ಅವನಿಗೆ ಐವತ್ತಮೂರು ತುಂಬುತ್ತಲಿತ್ತು.

1799ರ ಜನವರಿ 14ರಂದು ಮಕ್ಕಳು ಬರತೊಡಗಿದರು. ಸ್ಥಳವು ಸಂನ್ಯಾಸಿನಿಯರ ಮಠದ ಒಂದು ಭಾಗ. ಗಾರೆ ಕೆಲಸ ಇನ್ನೂ ಮುಗಿದಿರಲಿಲ್ಲ. ಕೋಣೆಗಳಲ್ಲಿ ಸುಣ್ಣದ ಧೂಳು ತುಂಬಿದ್ದಿತು. ಅಡುಗೆಮನೆ ಸಿದ್ಧವಾಗಿರಲಿಲ್ಲ, ಹಾಸಿಗೆಗಳು ಸಾಲದಾಗಿದ್ದವು. ಮೈತುಂಬ ಕಜ್ಜಿ, ತಲೆತುಂಬ ಹೇನು, ಮೈಮೇಲೆ ಚಿಂದಿ. ಕೆಲವರು ಎಲುಬಿನ ಗೂಡುಗಳಂತೆ ಒಣಗಿ, ಕಣ್ಣಲ್ಲಿ ಭಯ ತುಂಬಿ ಮೂಲೆ ಹಿಡಿದಿದ್ದರು. ಕೆಲವರು ತಿರುಪೆಯಲ್ಲಿ ಪಳಗಿ ಸುಳ್ಳು, ಕಪಟಗಳಲ್ಲಿ ಗಟ್ಟಿಗರಾಗಿದ್ದರು. ಹಿಂದೆ ಸುಖದಲ್ಲಿ ಬೆಳೆದಿದ್ದ ಒಂದಿಬ್ಬರು ಉಳಿದವರನ್ನು ತಾತ್ಸಾರದಿಂದ ಕಾಣುತ್ತಿದ್ದರು. ಅಕ್ಷರ ಬಲ್ಲವರು ಬೆರಳೆಣಿಕೆಯಷ್ಟು. ಬರಬರುತ್ತ ಮಕ್ಕಳ ಸಂಖ್ಯೆ ಸುಮಾರು ಎಂಬತ್ತನ್ನು ಮುಟ್ಟಿತು. ಅವರನ್ನು ನೋಡಿಕೊಳ್ಳಲು ಪೆಸ್ಟಲಾಜಿಯೊಬ್ಬನು, ಮನೆವಾರ್ತೆಯ ಹೆಂಗಸೊಬ್ಬಳು. ಸಾಲದೆಂಬಂತೆ ಅವನು ಪ್ರೊಟೆಸ್ಟೆಂಟ್ ಪಂಥದವನು, ಊರು ಕ್ಯಾಥೊಲಿಕ್ಕರದು; ಮನೆ ಸುಟ್ಟವರ ಕಡೆಯ ಸರ್ಕಾರ ಕಳುಹಿಸಿದವನೆಂದು ಜನ ಅವನನ್ನು ಸಂಶಯದಿಂದಲೇ ನೋಡುತ್ತಿದ್ದರು.

ಇಂತಹ ಎಂಬತ್ತು ಮಕ್ಕಳನ್ನು ಒಂದು ಹದಕ್ಕೆ ತರುವುದು ಹೇಗೆ? ಪುಸ್ತಕವಿಲ್ಲ, ಕರಿಹಲಗೆಯಿಲ್ಲ, ಸಹಾಯಕ ಉಪಾಧ್ಯಾಯನಿಲ್ಲ. ನಿಯಮಗಳನ್ನು ಬರೆದು ಗೋಡೆಗೆ ಅಂಟಿಸುವುದು ಸುಲಭ. ಪೆಸ್ಟಲಾಜಿಯು ಆ ದಾರಿಯನ್ನು ಹಿಡಿಯಲಿಲ್ಲ. ಮಗುವಿಗೆ ಮೊದಲು ಹೊಟ್ಟೆಗೆ ಅನ್ನ, ಮೈಗೆ ಬೆಚ್ಚನೆಯ ಬಟ್ಟೆ, ನಂಬಲು ಒಬ್ಬ ಮನುಷ್ಯ ಬೇಕು; ಶಿಸ್ತಿನ ಮಾತು ಆಮೇಲೆ ಎಂದು ಅವನು ಭಾವಿಸಿದನು. ಅವರ ಕಜ್ಜಿಯನ್ನು ತಾನೇ ತೊಳೆದನು, ತಲೆ ಬಾಚಿದನು. ಅವರು ಉಂಡುದನ್ನೇ ಉಂಡನು. ಅವರ ನಡುವೆಯೇ ಮಲಗಿದನು. ಬೆಳಗ್ಗೆ ಮೊದಲು ಏಳುವವನೂ ರಾತ್ರಿ ಕಡೆಯಲ್ಲಿ ಮಲಗುವವನೂ ಅವನೇ. ಮಲಗಿದ ಮೇಲೂ ಮಕ್ಕಳು ಕೇಳಿಕೊಳ್ಳುತ್ತಿದ್ದುದರಿಂದ, ಅವರಿಗೆ ನಿದ್ದೆ ಬರುವವರೆಗೂ ಕತ್ತಲಲ್ಲಿಯೇ ಮಾತಾಡುತ್ತ, ಪಾಠ ಹೇಳುತ್ತ ಇರುತ್ತಿದ್ದನು. ಅವರು ಅತ್ತರೆ ತಾನೂ ಅತ್ತನು, ನಕ್ಕರೆ ನಕ್ಕನು. ಭಾನುವಾರಗಳಂದು ಕೆಲವರ ತಾಯಂದಿರು ಬಂದು ಅಂಗಳದಲ್ಲಿ ಮಕ್ಕಳನ್ನು ಮೂಲೆಗೆ ಕರೆದು, ಅಲ್ಲಿಯ ಊಟ ಉಪಚಾರಗಳನ್ನು ಹಳಿದು, ಕರೆದುಕೊಂಡು ಹೋಗುವರು. ಕೆಲವು ಮಕ್ಕಳು ಹೊಸ ಬಟ್ಟೆಯೊಡನೆ ಓಡಿಯೂ ಹೋದರು. ನೊಯ್‌ಹೋಫಿನ ಹಳೆಯ ಕಥೆ ಮರುಕಳಿಸಿತು. ಈ ಸಲ ಪೆಸ್ಟಲಾಜಿಯು ಎದೆಗುಂದಲಿಲ್ಲ.

ಬೆಳಗ್ಗೆ ಆರರಿಂದ ಎಂಟರವರೆಗೆ ಪಾಠ. ಬಳಿಕ ಸಂಜೆ ನಾಲ್ಕರವರೆಗೆ ಕೈಕೆಲಸ. ಮತ್ತೆ ಎಂಟರವರೆಗೆ ಪಾಠ. ಎಂಬತ್ತು ಬಾಯಿಗಳ ಗದ್ದಲವನ್ನು ಒಂದು ಗಂಟಲು ಗೆಲ್ಲಲಾರದು. ಆದುದರಿಂದ ಅವನು ಹೇಳಿದುದನ್ನು ಎಲ್ಲರೂ ಒಟ್ಟಿಗೆ, ಒಂದೇ ತಾಳದಲ್ಲಿ ಮರುನುಡಿಯಬೇಕೆಂದು ಮಾಡಿದನು, ಗಲಾಟೆಯೇ ಪಾಠವಾಯಿತು. ಹಾಗೆ ನುಡಿಯುವಾಗ ಕಣ್ಣು ತಮ್ಮ ಬೆರಳೊಂದರ ಮೇಲೆಯೇ ನೆಟ್ಟಿರಬೇಕೆಂದು ಆಟದಂತೆ ಹೇಳಿಕೊಟ್ಟನು. ನೋಡುವುದಕ್ಕೆ ಇದು ತೀರ ಚಿಕ್ಕ ಉಪಾಯ. ಆದರೆ ಬೆರಳ ಮೇಲೆ ದೃಷ್ಟಿಯಿಟ್ಟ ಹುಡುಗನು ಪಕ್ಕದವನನ್ನು ಚಿವುಟಲಾರ. ಇಷ್ಟು ಸಣ್ಣ ವಿಷಯದಲ್ಲಿ ತನ್ನನ್ನು ತಾನು ಹಿಡಿದುಕೊಳ್ಳಲು ಕಲಿತವನು ದೊಡ್ಡದರಲ್ಲಿಯೂ ಕಲಿತಾನು ಎಂಬುದು ಗುರುವಿನ ಲೆಕ್ಕ. ಒಂದಕ್ಷರ ಹೆಚ್ಚು ಬಲ್ಲ ಮಗು, ಬಾರದ ಇಬ್ಬರ ನಡುವೆ ಕುಳಿತು, ಅವರ ಹೆಗಲ ಮೇಲೆ ಕೈಹಾಕಿಕೊಂಡು ಹೇಳಿಕೊಡುತ್ತಿದ್ದಿತು. ಸಹಾಯಕರಿಲ್ಲದ ಕೊರತೆಯಿಂದ ಹುಟ್ಟಿದ ಈ ಏರ್ಪಾಡು ಕಲಿಸುವ ಮಗುವಿಗೂ ಕಲಿಯುವ ಮಗುವಿಗೂ ಅಕ್ಕರೆಯನ್ನು ಬೆಳೆಸಿತು.

ಪೆಸ್ಟಲಾಜಿಯನ್ನು ಎಂದೂ ಕೈಯೆತ್ತದ ಸಾಧುವೆಂದು ಚಿತ್ರಿಸುವವರುಂಟು. ಅದು ನಿಜವಲ್ಲ. ಮಗು ಕಲ್ಲೆದೆಯನ್ನೋ ಒರಟುತನವನ್ನೋ ತೋರಿದಾಗ ಅವನು ಏಟುಕೊಟ್ಟುದುಂಟು. ಅದನ್ನು ಅವನು ಮುಚ್ಚಿಡಲೂ ಇಲ್ಲ. ಹಗಲಿರುಳೂ ಜೊತೆಗಿದ್ದು ಸಾಕುವ ತಂದೆತಾಯಿಗಳ ಏಟಿನಿಂದ ಮಗುವಿನ ಮನಸ್ಸು ಮುರಿಯುವುದಿಲ್ಲ, ದಿನಕ್ಕೆ ಕೆಲವು ಗಂಟೆ ಮಾತ್ರ ಕಾಣುವ ಉಪಾಧ್ಯಾಯನ ಏಟಿನ ಮಾತೇ ಬೇರೆ ಎಂದು ಅವನು ಸಮರ್ಥಿಸಿಕೊಂಡನು. ಏಟುಕೊಟ್ಟ ಮರುಗಳಿಗೆಯಲ್ಲಿಯೇ ಕೈಚಾಚಿದರೆ ಮಗು ಸಂತೋಷದಿಂದ ಆ ಕೈಯನ್ನು ಹಿಡಿದುಕೊಳ್ಳುತ್ತಿದ್ದಿತಂತೆ. ಇದನ್ನು ಇಂದು ಯಾರೂ ಒಪ್ಪಬೇಕಾಗಿಲ್ಲ, ಒಪ್ಪುವುದೂ ಸಲ್ಲದು. ಅವನಿಂದ ಕಲಿಯಬೇಕಾದುದು ಮಕ್ಕಳನ್ನು ಕೇಳಿ ನಡೆದುಕೊಳ್ಳುತ್ತಿದ್ದ ಬಗೆಯನ್ನು.

ಅದಕ್ಕೊಂದು ನಿದರ್ಶನವಿದೆ. 1799ರ ಏಪ್ರಿಲ್ ತಿಂಗಳಿನಲ್ಲಿ ಆಲ್ಟ್‌ಡಾರ್ಫ್ ಎಂಬ ನೆರೆಯ ಊರು ಬೆಂಕಿಗೆ ಆಹುತಿಯಾಯಿತು. ಪೆಸ್ಟಲಾಜಿಯು ಮಕ್ಕಳನ್ನು ಸುತ್ತ ಕೂರಿಸಿಕೊಂಡು ಸುದ್ದಿಯನ್ನು ತಿಳಿಸಿದನು. ಅಲ್ಲಿಯೂ ನೂರಾರು ಮಕ್ಕಳು ಈ ಹೊತ್ತು ಮನೆಯಿಲ್ಲದೆ, ಅನ್ನವಿಲ್ಲದೆ ನಿಂತಿರಬಹುದು. ಇಪ್ಪತ್ತು ಮಂದಿಯನ್ನು ಇಲ್ಲಿಗೆ ಕಳುಹಿಸುವಂತೆ ಸರ್ಕಾರವನ್ನು ಕೇಳೋಣವೆ ಎಂದನು. ಎಲ್ಲರೂ ಒಕ್ಕೊರಲಿನಿಂದ ಹೂಂಗುಟ್ಟಿದರು. ಗುರುವು ಅಷ್ಟಕ್ಕೆ ತೃಪ್ತನಾಗಲಿಲ್ಲ. ಆಶ್ರಮದಲ್ಲಿ ಹಣ ಹೆಚ್ಚಿಲ್ಲ. ಅವರು ಬಂದರೆ ಈಗ ಸಿಗುವಷ್ಟು ಊಟ ಸಿಗಲಾರದು, ಬಟ್ಟೆಯನ್ನು ಹಂಚಿಕೊಳ್ಳಬೇಕಾದೀತು, ಕೆಲಸ ಹೆಚ್ಚೀತು, ಇದನ್ನೆಲ್ಲ ಯೋಚಿಸಿ ಹೇಳಿರೆಂದು ಎಷ್ಟು ಕಠಿನವಾಗಿ ಹೇಳಬಹುದೋ ಅಷ್ಟು ಕಠಿನವಾಗಿ ವಿವರಿಸಿದನು. ಅವರ ಬಾಯಿಂದಲೇ ಅದನ್ನು ಮತ್ತೆ ಹೇಳಿಸಿದನು. ಆದರೂ ಅವರು ಬರಲಿ ಎಂದೇ ಮಕ್ಕಳು ಹೇಳಿದರು. ಮೂರು ತಿಂಗಳ ಹಿಂದೆ ಒಂದು ತುಂಡು ರೊಟ್ಟಿಗಾಗಿ ಕಾದಾಡುತ್ತಿದ್ದ ಮಕ್ಕಳು ಇವರೇ.

ಜೂನ್ ತಿಂಗಳಲ್ಲಿ ಯುದ್ಧ ಮತ್ತೆ ಆ ಕಡೆಗೆ ತಿರುಗಿತು. ಗಾಯಗೊಂಡ ಸೈನಿಕರಿಗೆ ಆಸ್ಪತ್ರೆ ಬೇಕಾಯಿತು. ಮಠದ ಕಟ್ಟಡವನ್ನು ತೆರವುಮಾಡಬೇಕೆಂದು ಅಪ್ಪಣೆಯಾಯಿತು. ಪೆಸ್ಟಲಾಜಿಯು ಹೊರಡಬೇಕಾದ ಮಕ್ಕಳ ಕೈಗೆ ಎರಡು ಜೊತೆ ಬಟ್ಟೆಯನ್ನೂ ಸ್ವಲ್ಪ ಹಣವನ್ನೂ ಕೊಟ್ಟು ಕಳುಹಿಸಿದನು. ಆಶ್ರಮ ನಡೆದುದು ಐದು ತಿಂಗಳೂ ತುಂಬಲಿಲ್ಲ. ಕೆಮ್ಮಿದರೆ ರಕ್ತ ಕಾಣುವಷ್ಟು ಬಳಲಿದ್ದ ಅವನನ್ನು ಸ್ನೇಹಿತರು ಗುರ್ನಿಗೆಲ್ ಎಂಬ ಬೆಟ್ಟದ ತಾಣಕ್ಕೆ ವಿಶ್ರಾಂತಿಗಾಗಿ ಕರೆದೊಯ್ದರು. ಅಲ್ಲಿಂದ ಕೆಳಗಿನ ವಿಶಾಲವಾದ ಕಣಿವೆಯನ್ನು ನೋಡುವಾಗಲೂ ಅವನಿಗೆ ಆ ಸೊಬಗಿಗಿಂತ ಅದರಲ್ಲಿ ಬಾಳುವ, ಸರಿಯಾದ ಪಾಠವಿಲ್ಲದ ಜನರ ಚಿಂತೆಯೇ ಹೆಚ್ಚಾಗಿದ್ದಿತು.

ಅದೇ ವರ್ಷ ಅವನು ಬರ್ಗ್‌ಡಾರ್ಫ್ ಎಂಬ ಪಟ್ಟಣಕ್ಕೆ ಬಂದು ಸಾಮಾನ್ಯ ಉಪಾಧ್ಯಾಯನಾಗಲು ಅನುಮತಿ ಬೇಡಿದನು. ಅವನಿಗೆ ಮೊದಲು ಸಿಕ್ಕಿದುದು ಬಡವರ ಕೇರಿಯ ಒಂದು ಶಾಲೆ. ಚಮ್ಮಾರನೊಬ್ಬನು ತನ್ನ ಮನೆಯಲ್ಲಿಯೇ ಎಪ್ಪತ್ತಕ್ಕೂ ಮಿಕ್ಕ ಮಕ್ಕಳನ್ನು ಕೂಡಿಹಾಕಿಕೊಂಡು ನಡೆಸುತ್ತಿದ್ದ ಶಾಲೆ ಅದು. ನಮ್ಮ ಹಿಂದಿನ ಕೂಲಿಮಠಗಳನ್ನು ಬಲ್ಲವರಿಗೆ ಅದರ ಚಿತ್ರ ಥಟ್ಟನೆ ಕಣ್ಣಿಗೆ ಕಟ್ಟೀತು. ಕೋಣೆಯ ಒಂದು ಕಡೆ ಚಮ್ಮಾರ, ಇನ್ನೊಂದು ಕಡೆ ಪೆಸ್ಟಲಾಜಿ. ಧರ್ಮದ ಪ್ರಶ್ನೋತ್ತರಗಳನ್ನು ಉರುಹೊಡೆಸುವುದನ್ನು ಬಿಟ್ಟು ಈ ಹೊಸಬನು ಏನೇನೋ ಹೇಳಿಸುತ್ತಾನೆಂದು ಚಮ್ಮಾರನು ದೂರಿದನು. ತಂದೆತಾಯಿಗಳೂ ಸೇರಿಕೊಂಡರು. ಹೊಸ ಪ್ರಯೋಗ ಬೇಕಾದರೆ ಶ್ರೀಮಂತ ಪೌರರು ತಮ್ಮ ಮಕ್ಕಳ ಮೇಲೆಯೇ ಮಾಡಿಸಿಕೊಳ್ಳಲಿ ಎಂದರು. ಆ ಮಾತಿನಲ್ಲಿ ನ್ಯಾಯವಿಲ್ಲದಿರಲಿಲ್ಲ. ಪೆಸ್ಟಲಾಜಿಯನ್ನು ಅಲ್ಲಿಂದ ಎಬ್ಬಿಸಿ, ಐದರಿಂದ ಎಂಟು ವರ್ಷದ ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸುವ ಮಹಿಳೆಯೊಬ್ಬಳ ಶಾಲೆಗೆ ಕಳುಹಿಸಿದರು. ತನಗೆ ಸರಿಯಾಗಿ ಬರೆಯಲು, ಲೆಕ್ಕಮಾಡಲು, ಓದಲು ಕೂಡ ಬಾರದೆಂದು ಊರಿನವರು ಪಿಸುಗುಟ್ಟುವುದು ಅವನ ಕಿವಿಗೆ ಬೀಳುತ್ತಿದ್ದಿತು. ಅದು ಪೂರ್ತಿ ಸುಳ್ಳಲ್ಲವೆಂದು ಅವನೂ ಒಪ್ಪಿಕೊಂಡನು.

ಅಲ್ಲಿ ಅವನು ಪಾಠವನ್ನು ತೀರ ಸಣ್ಣ ಸಣ್ಣ ಮೆಟ್ಟಲುಗಳಾಗಿ ಕಡಿದುಹಾಕಿದನು. ಅಕ್ಷರಗಳನ್ನು ಬಿಡಿಬಿಡಿಯಾಗಿ ರಟ್ಟಿಗೆ ಅಂಟಿಸಿ, ಮಗು ತಾನೇ ಜೋಡಿಸಿ ಪದ ಮಾಡುವಂತೆ ಮಾಡಿದನು. ಲೆಕ್ಕಕ್ಕೆ ಬೆರಳು, ಕಾಳು, ಹರಳು. ಬರವಣಿಗೆಗೆ ಮುಂಚೆ ಗೆರೆ, ಕೋನ, ಚೌಕಗಳನ್ನು ಎಳೆಯುವ ಅಭ್ಯಾಸ. ಬರೆದು ಅಳಿಸಲು ಸ್ಲೇಟು, ಬಳಪ. ಒಂದು ದಿನ ಏಣಿಯ ಚಿತ್ರವನ್ನು ತೋರಿಸಿ ಪಾಠ ಹೇಳುತ್ತಿರುವಾಗ, ಅಂಗಳದಲ್ಲಿ ನಿಜವಾದ ಏಣಿಯೇ ಇರುವಾಗ ಚಿತ್ರವೇಕೆಂದು ಹುಡುಗನೊಬ್ಬನು ಕೇಳಿದನೆಂದೂ, ಅಂದಿನಿಂದ ಪೆಸ್ಟಲಾಜಿಯು ಚಿತ್ರಗಳನ್ನು ಬದಿಗಿಟ್ಟು ವಸ್ತುಗಳನ್ನೇ ಎತ್ತಿಕೊಂಡನೆಂದೂ ಹೇಳುತ್ತಾರೆ. 1800ನೆಯ ಇಸವಿಯ ಮಾರ್ಚಿಯಲ್ಲಿ ಊರಿನ ಶಾಲಾ ಸಮಿತಿಯವರು ಬಂದು ಪರೀಕ್ಷೆ ನಡೆಸಿದರು. ಅಷ್ಟು ಎಳೆಯ ಮಕ್ಕಳು ಕೆಲವೇ ತಿಂಗಳಲ್ಲಿ ಓದು, ಬರಹ, ಲೆಕ್ಕಗಳಲ್ಲಿ ತೋರಿದ ಪ್ರಗತಿಯನ್ನು ಕಂಡು ಬೆರಗಾಗಿ ಮೆಚ್ಚುಗೆಯ ಪತ್ರವನ್ನು ಕೊಟ್ಟರು. ಜೀವನದಲ್ಲಿ ಅವನು ಮೊದಲ ಬಾರಿಗೆ ತೇರ್ಗಡೆಯಾದನು ಎನ್ನಬಹುದು.

ಹಾಗೆಂದು ಅವನ ತರಗತಿ ಮಾದರಿಯ ತರಗತಿಯಾಗಿತ್ತೆಂದು ತಿಳಿಯಬಾರದು. ಆಗ ಹತ್ತು ವರ್ಷದ ವಿದ್ಯಾರ್ಥಿಯಾಗಿದ್ದ ರಾಮ್‌ಸಾವರ್ ಎಂಬಾತನು ಮುಂದೆ ಅದನ್ನು ನೆನೆದು ಬರೆದಿದ್ದಾನೆ. ಪೆಸ್ಟಲಾಜಿಗೆ ವೇಳಾಪಟ್ಟಿಯೆಂಬುದು ಇರಲಿಲ್ಲ. ಗೋಡೆಗೆ ಹಚ್ಚಿದ್ದ ಹಳೆಯ ಕಾಗದದಲ್ಲಿದ್ದ ತೂತುಗಳನ್ನೂ ಹರಕುಗಳನ್ನೂ ತೋರಿಸಿ, ಅವುಗಳ ಆಕಾರ, ಸಂಖ್ಯೆ, ಬಣ್ಣಗಳನ್ನು ಹುಡುಗರ ಬಾಯಿಂದ ವಾಕ್ಯ ವಾಕ್ಯವಾಗಿ ಬೆಳೆಸುತ್ತ ಗಂಟೆಗಟ್ಟಲೆ ಹೇಳಿಸುವನು. ಹುಡುಗರು ಸ್ಲೇಟಿನ ಮೇಲೆ ಏನು ಗೀಚಿದರೆಂದು ನೋಡುವ ವ್ಯವಧಾನ ಅವನಿಗಿರಲಿಲ್ಲ. ಉತ್ಸಾಹದಿಂದ ಅರಚಿ ಅರಚಿ ಹತ್ತು ಗಂಟೆಯ ಹೊತ್ತಿಗೆ ಅವನ ಗಂಟಲು ಕಟ್ಟಿಹೋಗುತ್ತಿದ್ದಿತು. ಹನ್ನೊಂದಕ್ಕೆ ಬೇರೆ ಶಾಲೆಗಳ ಹುಡುಗರು ಬೀದಿಯಲ್ಲಿ ಕೂಗಾಡುವುದು ಕೇಳಿಸಿದೊಡನೆ ಇವರೂ ಹೇಳದೆ ಕೇಳದೆ ಹೊರಗೆ ಓಡುವರು. ಇಷ್ಟು ಕೊರತೆಗಳನ್ನು ಎತ್ತಿಹೇಳಿದ ಆ ಹುಡುಗನೇ ಹದಿನಾರು ವರ್ಷಗಳ ಕಾಲ ಗುರುವನ್ನು ಬಿಡದೆ ಅವನ ಜೊತೆಯಲ್ಲಿದ್ದು, ತಾನೂ ಉಪಾಧ್ಯಾಯನಾದನೆಂಬುದನ್ನು ಮರೆಯುವಂತಿಲ್ಲ.

1800ರ ಕೊನೆಗೆ ಬರ್ಗ್‌ಡಾರ್ಫಿನ ಕೋಟೆಯಲ್ಲಿ ಪೆಸ್ಟಲಾಜಿಯ ಸ್ವಂತ ವಿದ್ಯಾಲಯ ಆರಂಭವಾಯಿತು. ತನ್ನ ಬೋಧನಕ್ರಮವನ್ನು ಪತ್ರಗಳ ರೂಪದಲ್ಲಿ ವಿವರಿಸಿದ, ಗರ್ಟ್ರೂಡಳ ಹೆಸರನ್ನೇ ಹೊತ್ತ ಗ್ರಂಥ 1801ರಲ್ಲಿ ಹೊರಬಂದಿತು. ಮರುವರ್ಷ ಸ್ವಿಸ್ ನಿಯೋಗದೊಡನೆ ಪ್ಯಾರಿಸಿಗೆ ಹೋದಾಗ ನೆಪೋಲಿಯನ್ನನಿಗೆ ಶಾಲೆಗಳ ವಿಷಯ ಅರಿಕೆಮಾಡಬೇಕೆಂದು ಯತ್ನಿಸಿದನು. ಅಕ್ಷರಮಾಲೆಯ ಗೊಡವೆಗೆ ತನಗೆ ಬಿಡುವಿಲ್ಲವೆಂದು ಆ ದಂಡನಾಯಕನು ತಳ್ಳಿಹಾಕಿದನಂತೆ. ಸರ್ಕಾರ ಬದಲಾಗಿ ಕೋಟೆ ಕೈತಪ್ಪಿತು. ಕಡೆಗೆ 1805ರಲ್ಲಿ ಸರೋವರದ ದಡದ ಇವರ್ಡನ್ ಎಂಬ ಊರಿನ ಕೋಟೆಯಲ್ಲಿ ಅವನು ನೆಲೆಯಾದನು. ಅಲ್ಲಿ ಇಪ್ಪತ್ತು ವರ್ಷ ಕಳೆಯಿತು.

ಇವರ್ಡನ್ನಿನಲ್ಲಿ ನಾನಾ ದೇಶಗಳಿಂದ ಬಂದ ನೂರೈವತ್ತಕ್ಕೂ ಹೆಚ್ಚು ಹುಡುಗರಿದ್ದರು. ಬೆಳಗಿನ ಮೊದಲ ಪಾಠವಾದ ಮೇಲೆ ಅಂಗಳದಲ್ಲಿ ಸ್ನಾನ. ಬಾವಿಯಿಂದ ನೀರು ತರುವ ಉದ್ದನೆಯ ಕೊಳವೆಯ ಎರಡು ಬದಿಗೂ ತೂತುಗಳಿದ್ದು, ಪ್ರತಿಯೊಬ್ಬನಿಗೂ ಕೊರೆಯುವ ತಣ್ಣೀರಿನ ಒಂದೊಂದು ಧಾರೆ ಬೀಳುತ್ತಿದ್ದಿತು. ಉಪಾಧ್ಯಾಯರು ಹುಡುಗರ ಕೋಣೆಯಲ್ಲಿಯೇ ಮಲಗುವರು, ಅವರೊಡನೆಯೇ ಆಡುವರು, ಕೆರೆಯಲ್ಲಿ ಈಜುವರು. ಬಹುಮಾನಗಳ ಆಸೆ ತೋರಿಸಿ ಒಬ್ಬನನ್ನು ಇನ್ನೊಬ್ಬನ ಮೇಲೆ ಎತ್ತಿಕಟ್ಟುವ ಪದ್ಧತಿ ಅಲ್ಲಿರಲಿಲ್ಲ. ವಾರದಲ್ಲಿ ಎರಡು ಮೂರು ಬಾರಿ ಉಪಾಧ್ಯಾಯರು ಹುಡುಗರ ವಿಷಯವನ್ನು ಪೆಸ್ಟಲಾಜಿಗೆ ತಿಳಿಸುವರು. ಆಮೇಲೆ ಅವನು ಐದಾರು ಮಂದಿಯನ್ನು ತನ್ನ ಕೋಣೆಗೆ ಕರೆಸಿಕೊಂಡು, ಒಬ್ಬೊಬ್ಬನನ್ನೂ ಬೇರೆಬೇರೆಯಾಗಿ ಮಾತಾಡಿಸಿ, ಹೇಳಿಕೊಳ್ಳುವುದೇನಾದರೂ ಉಂಟೆ ಎಂದು ಕೇಳುವನು. ತಪ್ಪುಮಾಡಿದವನಿಗೆ ಬುದ್ಧಿಮಾತು ಸಲ್ಲುತ್ತಿದ್ದುದು ಅಲ್ಲಿ, ಎಲ್ಲರೆದುರಿಗಲ್ಲ.

ಭೂಗೋಳದ ಪಾಠ ನಕ್ಷೆಯಿಂದ ಆರಂಭವಾಗುತ್ತಿರಲಿಲ್ಲ. ಹುಡುಗರು ಊರಾಚೆಯ ಬ್ಯೂರಾನ್ ಎಂಬ ಸಣ್ಣ ಹೊಳೆಯ ಕಣಿವೆಗೆ ನಡೆದುಹೋಗಿ, ಮೇಲಿನಿಂದ ಕೆಳಗಿನವರೆಗೆ ಅದನ್ನು ನೋಡಿ ಮನಸ್ಸಿನಲ್ಲಿಟ್ಟುಕೊಂಡು, ದಡದ ಜೇಡಿಮಣ್ಣನ್ನು ಹೊತ್ತುತರುವರು. ಶಾಲೆಯ ದೊಡ್ಡ ಮೇಜುಗಳ ಮೇಲೆ ಆ ಮಣ್ಣಿನಿಂದ, ತಾವು ಕಂಡ ಕಣಿವೆಯನ್ನೇ ಕಟ್ಟುವರು. ಮರುದಿನ ಮತ್ತೆ ಹೋಗಿ ನೋಡಿ, ಮತ್ತಷ್ಟು ಸೇರಿಸುವರು. ಕಣಿವೆ ಮೇಜಿನ ಮೇಲೆ ಮುಗಿದ ದಿನವೇ ಅವರ ಕಣ್ಣಿಗೆ ನಕ್ಷೆಯನ್ನು ತೋರಿಸುತ್ತಿದ್ದುದು. ಆ ಹೊತ್ತಿಗೆ ಅದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಮುಂದೆ ಕಿಂಡರ್‌ಗಾರ್ಟನ್ ಪದ್ಧತಿಯನ್ನು ನೆಲೆಗೊಳಿಸಿದ ಫ್ರೋಬೆಲನು 1808ರಿಂದ 1810ರವರೆಗೆ ಇಲ್ಲಿದ್ದು ಇದನ್ನೆಲ್ಲ ಕಂಡುಹೋದನು. ಪ್ರಷ್ಯಾ ಸರ್ಕಾರ ತನ್ನ ತರುಣರನ್ನು ತರಬೇತಿಗೆ ಕಳುಹಿಸಿತು.

ಗುರುವಿನ ರೂಪವನ್ನು ಕಂಡು ಹೊಸ ಹುಡುಗರು ಬೆಚ್ಚುತ್ತಿದ್ದರು. ಕೆದರಿದ ಒರಟು ಕೂದಲು, ಸಿಡುಬಿನ ಕಲೆಗಳಿಂದ ತುಂಬಿದ ಮುಖ, ಕೊರಳಲ್ಲಿ ಟೈ ಇಲ್ಲ, ಜಾರಿದ ಕಾಲುಚೀಲ. ಆದರೆ ಅವನು ಅಂಗಳಕ್ಕೆ ಬಂದೊಡನೆ ಮಕ್ಕಳು ಓಡಿಬಂದು ಸುತ್ತುಗಟ್ಟುತ್ತಿದ್ದರು. ಎಲ್ಲರೂ ಅವನನ್ನು ತಂದೆಯೆಂದೇ ಕರೆಯುತ್ತಿದ್ದರು. 1814ರಲ್ಲಿ ಈ ಕೋಟೆಯನ್ನೂ ಸೈನ್ಯದ ಆಸ್ಪತ್ರೆಗೆ ಬಿಡಬೇಕೆಂಬ ಅಪ್ಪಣೆ ಬಂದಿತು. ಸ್ಟಾನ್ಸನ್ನು ಕಳೆದುಕೊಂಡಿದ್ದ ಮುದುಕನು ಈ ಬಾರಿ ಸುಮ್ಮನೆ ಕೂರಲಿಲ್ಲ. ದೊರೆಗಳು ನೆರೆದಿದ್ದ ಬಾಸೆಲ್ ನಗರಕ್ಕೆ ಹೋಗಿ ಅಪ್ಪಣೆಯನ್ನು ಹಿಂತೆಗೆಸಿದನು. ಅಷ್ಟಕ್ಕೇ ಬಿಡದೆ, ರಷ್ಯಾದ ಚಕ್ರವರ್ತಿ ಅಲೆಗ್ಸಾಂಡರನಿಗೆ ಜೀತದ ರೈತರ ಬಿಡುಗಡೆಯ ವಿಷಯವನ್ನೂ ಶಾಲೆಗಳ ವಿಷಯವನ್ನೂ ಹೇಳುತ್ತ ಹೇಳುತ್ತ ಎಷ್ಟು ಮುಂದೆ ಸರಿದನೆಂದರೆ, ಚಕ್ರವರ್ತಿ ಹಿಂದೆ ಹಿಂದೆ ಸರಿದು ಗೋಡೆಗೆ ಆತುಕೊಳ್ಳಬೇಕಾಯಿತಂತೆ.

ಮಕ್ಕಳನ್ನು ಒಲಿಸಿಕೊಂಡ ಈ ಮನುಷ್ಯನಿಗೆ ದೊಡ್ಡವರನ್ನು ಒಟ್ಟಿಗೆ ಹಿಡಿದಿಡುವ ಶಕ್ತಿ ಇರಲಿಲ್ಲ. ನೀಡರರ್, ಶ್ಮಿಡ್ ಎಂಬ ಇಬ್ಬರು ಮುಖ್ಯ ಉಪಾಧ್ಯಾಯರ ಜಗಳ ವರ್ಷವರ್ಷಕ್ಕೂ ಉಲ್ಬಣಿಸಿತು. ಲೆಕ್ಕಪತ್ರ ಮೊದಲಿನಂತೆಯೇ ಅಸ್ತವ್ಯಸ್ತ. ಎಲ್ಲವನ್ನೂ ಸಹಿಸಿಕೊಂಡು ಎರಡು ಕಡೆಗೂ ಸಮಾಧಾನ ಹೇಳುತ್ತಿದ್ದ ಅನ್ನಾ 1815ರಲ್ಲಿ ಕಣ್ಮುಚ್ಚಿದಳು. ಕೋಟೆಯ ತೋಟದಲ್ಲಿ ಅಕ್ರೋಟದ ಮರಗಳ ಕೆಳಗೆ ಆಕೆಯನ್ನು ಮಣ್ಣುಮಾಡಿದರು. 1818ರಲ್ಲಿ, ತನ್ನ ಕೃತಿಗಳ ಪ್ರಕಟನೆಯಿಂದ ಬರುವ ಹಣವನ್ನು ನಂಬಿ, ಪೆಸ್ಟಲಾಜಿಯು ಕ್ಲಿಂಡಿ ಎಂಬಲ್ಲಿ ಬಡಮಕ್ಕಳ ಶಾಲೆಯೊಂದನ್ನು ತೆರೆದನು. ಶ್ರೀಮಂತರ ಮಕ್ಕಳಿಂದ ಯೂರೋಪಿನಲ್ಲಿ ಹೆಸರು ಬಂದಿದ್ದರೂ ಅವನ ಮನಸ್ಸು ಇದ್ದುದು ಅಲ್ಲಿಯೇ. ಆ ಶಾಲೆಯೂ ಬಹುಕಾಲ ನಿಲ್ಲಲಿಲ್ಲ. 1825ರಲ್ಲಿ ವಿದ್ಯಾಲಯವನ್ನು ಮುಚ್ಚಿ, ಎಂಬತ್ತರ ಹತ್ತಿರದ ಮುದುಕನು ಮೊಮ್ಮಗನ ಆಶ್ರಯದಲ್ಲಿ ನೊಯ್‌ಹೋಫಿಗೆ ಹಿಂದಿರುಗಿದನು. ಅಲ್ಲಿಯೂ ಬಡಮಕ್ಕಳಿಗಾಗಿ ಒಂದು ಕಟ್ಟಡವನ್ನು ಎಬ್ಬಿಸತೊಡಗಿದನು.

1826ರಲ್ಲಿ ಬಾಯ್ಗೆನ್ ಎಂಬ ಊರಿನ ಅನಾಥಾಲಯದವರು ಅವನನ್ನು ಬರಮಾಡಿಕೊಂಡರು. ಮಕ್ಕಳು ಓಕ್ ಎಲೆಗಳ ಮಾಲೆಯೊಂದನ್ನು ತಂದೊಪ್ಪಿಸಿದರು. ಅದು ತನಗೆ ಸಲ್ಲದೆಂದೂ ಮಕ್ಕಳ ನಿಷ್ಕಪಟತೆಗೆ ಸಲ್ಲಬೇಕೆಂದೂ ಅವನು ಕಣ್ಣೀರಿನೊಡನೆ ನಿರಾಕರಿಸಿದನು. ಮರುವರ್ಷ, ಅವನ ಹಳೆಯ ವಿರೋಧಿಗಳ ಕಡೆಯವನೊಬ್ಬನು ನಿಂದೆಯ ಪುಸ್ತಕವೊಂದನ್ನು ಅಚ್ಚುಹಾಕಿಸಿದನು. ಅದಕ್ಕೆ ಉತ್ತರ ಬರೆಯಲು ಕುಳಿತಿದ್ದಾಗಲೇ ರೋಗ ಮೇಲುಗೈಯಾಯಿತು. ಚಿಕಿತ್ಸೆಗೆಂದು ಬ್ರುಗ್ ಎಂಬ ಊರಿಗೆ ಕರೆತಂದರು. 1827ನೆಯ ಇಸವಿ ಫೆಬ್ರವರಿ 17ರಂದು ಅವನ ಪ್ರಾಣ ಹೋಯಿತು.

ಅವನನ್ನು ಬಿರ್ ಹಳ್ಳಿಯಲ್ಲಿ, ಶಾಲೆಯ ಮಗ್ಗುಲಲ್ಲಿಯೇ ಹೂಳಿದರು. ಹಿಮ ದಟ್ಟವಾಗಿ ಬಿದ್ದಿದ್ದುದರಿಂದ ದೂರದವರು ಬರಲಾಗಲಿಲ್ಲ. ಸುತ್ತಣ ಹಳ್ಳಿಗಳ ಉಪಾಧ್ಯಾಯರು ಶವಪೆಟ್ಟಿಗೆಯನ್ನು ಹೊತ್ತರು. ಊರಿನ ಮಕ್ಕಳು ಹಾಡಿದರು. ಬಹುಕಾಲದವರೆಗೆ ಒಂದು ಗುಲಾಬಿ ಗಿಡದ ಹೊರತು ಅಲ್ಲಿ ಗುರುತೇನೂ ಇರಲಿಲ್ಲ. ಅವನು ಹುಟ್ಟಿ ನೂರು ವರ್ಷ ತುಂಬಿದ 1846ರಲ್ಲಿ ಆ ಸೀಮೆಯ ಸರ್ಕಾರ ಸ್ಮಾರಕವೊಂದನ್ನು ನಿಲ್ಲಿಸಿತು. ಅದಕ್ಕೆ ಗೊತ್ತುಮಾಡಿದ ಜಾಗ ಹೊಸ ಶಾಲೆಯ ಹೊರಗೋಡೆ.